ಹುಣಸೆಮರಕ್ಕೆ ಹಗ್ಗ ಹಾಕಿದ ದಿನ

ಬಸವೇಶನಿಗೆ ನನ್ನ ಗಂಡನ ಹೆಸರೇ ನೆನಪಿರಲಿಲ್ಲ. ನೆನಪಿದ್ದಿದ್ದರೆ ನಾನು ಅವತ್ತು ಬಾಯಿ ಮುಚ್ಚಿಕೊಂಡು ಮರ ಕಿತ್ತು, ಕೈಕಾಲು ತೊಳೆದು, ನಮ್ಮೂರು ತಗಡೂರಿನ ಬಸ್ಸು ಹತ್ತುತ್ತಿದ್ದೆನೋ ಏನೋ. ಇಲ್ಲ, ಸುಳ್ಳು ಯಾಕೆ ಹೇಳಲಿ, ಹತ್ತುತ್ತಿರಲಿಲ್ಲ. ಅವನ ಫೋನು ಬಂದ ಗಳಿಗೆಯಿಂದಲೇ ನನ್ನ ಹೊಟ್ಟೆಯಲ್ಲಿ ಕೆಂಡ ಬಿದ್ದಿತ್ತು.

ನಾನು ಮರಿತಾಯಮ್ಮ. ಮರ ಕೀಳುವುದು ನಮ್ಮ ಕಸುಬು. ಕಡಿಯುವುದಲ್ಲ, ಕೀಳುವುದು. ಕಡಿಯುವುದಕ್ಕೇನು, ಮೆಷಿನ್ ಇದ್ದವರೆಲ್ಲ ಕಡಿಯುತ್ತಾರೆ. ಮರವನ್ನು ಬುಡಸಮೇತ ಎಬ್ಬಿಸಿ, ಬೇಕಾದ ಕಡೆಗೇ ಮಲಗಿಸಬೇಕಾದರೆ ಸರಪಳಿ, ಹಗ್ಗ, ಪುಲ್ಲಿ ಬೇಕು, ಒಂದೇ ಉಸಿರಿನಲ್ಲಿ ಎಳೆಯುವ ಜನ ಬೇಕು. ಜೆಸಿಬಿ ನುಗ್ಗದ ಸಂದಿ, ಗೋಡೆಗೆ ಅಂಟಿಕೊಂಡ ಬುಡ, ಕರೆಂಟ್ ತಂತಿ ಕೆಳಗಿನ ಮರ ಎಂದರೆ ನಂಜನಗೂಡು ಕಡೆಯವರಾಗಲಿ, ನರಸೀಪುರ ಕಡೆಯವರಾಗಲಿ ನಮ್ಮನ್ನೇ ಕರೆಯಬೇಕು. ಈ ಗುಂಪು ಕಟ್ಟಿದವನು ನನ್ನ ಗಂಡ ಕರಿಯಯ್ಯ. ಅವನು ಸತ್ತ ಮೇಲೆ ಮೈದುನ ಜಗನ್, "ಸರಪಣಿ ಪುಲ್ಲಿ ಎಲ್ಲಾನೂ ಗುಜುರಿಗ್ ಆಕ್ಬುಡವ ಅತ್ಗೆ, ಈ ಕೆಲ್ಸ ಸಾಕು" ಎಂದ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮರದ ಮುಂದೆ ಹೋಗಿ ನಿಂತೆ. ಹೆಂಗಸು ಕೂಗಿದರೆ ಗಂಡಸರು ಎಳೆಯುತ್ತಾರಾ ಎಂದು ನಗಾಡಿದವರೇ ಆಮೇಲೆ ಮನೆ ಬಾಗಿಲಿಗೆ ಬಂದು ಕರೆದರು.

ಕೂಗು ಎಂದೆನಲ್ಲ, ಅದನ್ನು ಹೇಳಬೇಕು. ಹಗ್ಗ ಎಳೆಯುವವರು ಮರದಿಂದ ದೂರದಲ್ಲಿ, ಮರಕ್ಕೆ ಬೆನ್ನು ಹಾಕಿ, ಹಗ್ಗವನ್ನು ಹೆಗಲ ಮೇಲೆ ತಂದುಕೊಂಡು ನಿಂತಿರುತ್ತಾರೆ. ಬುಡದಲ್ಲಿ ಏನಾಗುತ್ತಿದೆ ಎಂಬುದು ಅವರಿಗೆ ಕಾಣುವುದಿಲ್ಲ. ಎರಡೂ ಕಡೆ ಕಾಣುವ ಜಾಗದಲ್ಲಿ ಒಬ್ಬರು ನಿಂತು ಕೂಗು ಹಾಕಬೇಕು. "ಐಸಾ" ಎಂದರೆ ಎಳೆಯುವುದು, "ನಿಲ್" ಎಂದರೆ ಹಗ್ಗ ಬಿಗಿಹಿಡಿದು ನಿಲ್ಲುವುದು, "ಬುಡಿ" ಎಂದರೆ ಬಿಡುವುದು. ಕೂಗು ಒಬ್ಬರದೇ. ಕೂಗುವವನೇ ಗುಂಡಿಗೆ ಇಳಿದಿದ್ದರೆ, ಅವನು ಮೇಲೆ ಬಂದು ಬಾಯಿ ಬಿಡುವ ತನಕ ನಿಂತಲ್ಲೇ ನಿಂತಿರಬೇಕು. ನಡುವೆ ಸಾಕ್ಷಾತ್ ನಂಜುಂಡೇಶ್ವರನೇ ಬಂದು ಕೂಗಿದರೂ ಕೈ ಅಲ್ಲಾಡಬಾರದು. ಗುಂಡಿಯಲ್ಲಿರುವ ಜೀವ ಆ ಒಂದು ಬಾಯನ್ನು ನಂಬಿಕೊಂಡು ಇಳಿದಿರುತ್ತದೆ.

ಮೂರು ವರ್ಷದ ಹಿಂದೆ ಕಳಲೆಯ ಹತ್ತಿರ ಬಸವೇಶನ ತೋಟದಲ್ಲಿ ಗೋಣಿಮರ ಕೀಳುವಾಗ, ಕರಿಯಯ್ಯ ಬೇರು ಕಡಿಯಲು ಗುಂಡಿಗೆ ಇಳಿದಿದ್ದ. ಮರ ಅವನ ಮೇಲೆ ಬಂತು. ಹಗ್ಗ ಜಾರಿತು ಎಂದು ಜಗನ್ ಹೇಳಿದ, ಮಿಕ್ಕವರೂ ಹಾಗೇ ಹೇಳಿದರು. ಕಸುಬಿನಲ್ಲಿ ಹಗ್ಗ ಜಾರುವುದುಂಟು. ನಾನು ಅಲ್ಲಿರಲಿಲ್ಲ, ಅವನು ಮರದ ಯಾವ ಕಡೆ ಇಳಿದಿದ್ದ ಎಂದು ಕೇಳಲೂ ಇಲ್ಲ. ಎದೆ ಬಡಿದುಕೊಂಡು ಅತ್ತೆ, ಮಣ್ಣು ಮಾಡಿದೆವು. ಆದರೆ ತೋಟದ ಯಜಮಾನ ಬಸವೇಶ ಪೊಲೀಸರ ಮುಂದೆ ಇನ್ನೊಂದು ಸೇರಿಸಿದ್ದ. "ಕುಡ್ದಿದ್ದ ಕಣ್ರೀ. ಗುಂಡಿಲೇ ಬಿದ್ಕೊಂಡಿದ್ದ, ಏಳೋ ಅಂದ್ರೂ ಏಳ್ಲಿಲ್ಲ" ಎಂದು. ಪೊಲೀಸರು ಬರೆದುಕೊಂಡರು, ಊರು ನಂಬಿತು. ನಮ್ಮ ಗುಂಪಿನವರು ನೆಲ ನೋಡಿಕೊಂಡು ನಿಂತರು.

ಕರಿಯಯ್ಯ ದೀಕ್ಷೆ ತೆಗೆದುಕೊಂಡವನು. ಬುದ್ಧನ ಮುಂದೆ ಕೈಮುಗಿದು ಪಂಚಶೀಲ ಹೇಳಿದ ದಿನದಿಂದ ಹೆಂಡ ಸಾರಾಯಿ ಮೂಸಿಯೂ ನೋಡಿದವನಲ್ಲ. ಬೀಗರ ಮನೆಯಲ್ಲಿ ಬಲವಂತ ಮಾಡಿದರೆ ಎಲೆ ಬಿಟ್ಟು ಎದ್ದು ಬರುತ್ತಿದ್ದ. ಅಂಥವನನ್ನು ಕುಡುಕ ಮಾಡಿದರು. ಬುದ್ಧವಿಹಾರದ ಹುಣ್ಣಿಮೆಯ ಪ್ರಾರ್ಥನೆಯಲ್ಲಿ ತೀರಿಕೊಂಡವರ ಹೆಸರು ಹೇಳುವಾಗ ಅವನ ಹೆಸರು ಬರಲಿಲ್ಲ. ಶೀಲ ಮುರಿದು ಸತ್ತವನಲ್ಲವಾ, ಅದಕ್ಕೆ. ನಲ್ಲಿಯ ಹತ್ತಿರ ಪಾಪಮ್ಮ ಎಂಬುವಳು, "ದೀಕ್ಷೆ ಜನುಕ್ಕೆ ತೋರ್ಸಕೆ, ಕುಡ್ಯದು ಕದ್ದುಮುಚ್ಚಿ" ಎಂದು ಯಾರಿಗೋ ಹೇಳುತ್ತಿದ್ದಳು. ತುಂಬಿದ ಕೊಡವನ್ನು ಅವಳ ತಲೆ ಮೇಲೆ ಸುರಿದು ಬಂದೆ. ಎಷ್ಟು ಜನರ ತಲೆ ಮೇಲೆ ಸುರಿಯಲಿ? ನನಗೆ ಬೇಕಾಗಿದ್ದದ್ದು ಒಂದೇ. ಕುಡಿದಿದ್ದ ಎಂದ ಬಾಯೇ, ನಾಲ್ಕು ಜನರ ಮುಂದೆ, ಕುಡಿದಿರಲಿಲ್ಲ ಎನ್ನಬೇಕು.

ಹಾಗಿರುವಾಗ ಫೋನು ಬಂತು. ಜಗನ್‌ನ ನಂಬರನ್ನು ಬಸವೇಶ ಹಿಂದೆಂದೋ ಇಟ್ಟುಕೊಂಡಿದ್ದನಂತೆ. ನರಸೀಪುರದ ಹೊರಗೆ, ನಾಲೆಯ ಪಕ್ಕ ಹೊಸ ಮನೆ ಕಟ್ಟಿಸಿದ್ದಾನೆ, ಗಾಳಿಗೆ ಹಿಂದಿನ ಹುಣಸೆಮರ ಮನೆಯ ಕಡೆ ವಾಲಿದೆ, ನಾಡಿದ್ದು ಗೃಹಪ್ರವೇಶ, ಓಣಿಯಲ್ಲಿ ಜೆಸಿಬಿ ಬರುವುದಿಲ್ಲ, ಕೂಡಲೇ ಬರಬೇಕು. ಜಗನ್ ಫೋನಿನ ಮೇಲೆ ಕೈ ಮುಚ್ಚಿ, "ಬ್ಯಾಡ ಅತ್ಗೆ, ಇವ್ರ ಸಾವಾಸ ಬ್ಯಾಡ" ಎಂದ. ಅವನ ಮುಖ ಬಿಳಚಿಕೊಂಡಿತ್ತು. ಅಣ್ಣನ ನೆನಪಾಯಿತೇನೋ ಎಂದುಕೊಂಡೆ. "ಬತ್ತೀವಿ ಅನ್ಲಾ" ಎಂದೆ.

ಮರುದಿನ ಬೆಳಿಗ್ಗೆ ಹೋದೆವು. ಮನೆಯ ಪಕ್ಕದಲ್ಲಿ ಹಾಕಿದ್ದ ಚಪ್ಪರದ ಕೆಳಗೆ ನೆಂಟರು ಕುರ್ಚಿ ಹಾಕಿಕೊಂಡು ಉಪ್ಪಿಟ್ಟು ತಿನ್ನುತ್ತಿದ್ದರು. ಬಸವೇಶನ ಹೆಂಡತಿ ಚಂಪಕ ಎಂಬಾಕೆ ನಮ್ಮವರಿಗೂ ತಟ್ಟೆಯಲ್ಲೇ ಕೊಟ್ಟಳು, ಕಾಫಿ ತಂದಳು. ಒಳ್ಳೆಯ ಹೆಂಗಸು. ಬಸವೇಶ ಗರಿಗರಿ ಬಿಳಿ ಅಂಗಿ ಹಾಕಿಕೊಂಡು, ಮರ ನೋಡಿ ನನ್ನನ್ನು ನೋಡಿ, "ಏನಮ್ಮಾ, ನೀನೇ ಮೇಸ್ತ್ರಿನಾ?" ಎಂದು ನಕ್ಕ.

"ಊ ಕನ ಸಾ. ಕಳಲೆ ತೋಟದಲ್ಲಿ ನಿಮ್ ಗೋಣಿಮರ ಕಿತ್ತೋರೂ ನಾವೇಯ" ಎಂದೆ.

"ಔದಾ? ಅಲ್ಲಿ ಯಾವನೋ ಒಬ್ಬ ಸತ್ತೋದ ಅಲ್ವಾ? ಕುಡುಕ. ಎಂಥದೋ ಅವನ ಹೆಸ್ರು..."

ಹೇಳಲಿ ಎಂದು ಕಾದೆ. ಅವನು ತಲೆ ಕೆರೆದುಕೊಂಡು, "ಓಗ್ಲಿ ಬುಡು, ಶುಭಕಾರ್ಯದ ಹೊತ್ನಲ್ಲಿ ಅದ್ಯಾಕೆ" ಎಂದು ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡ. ಹೆಸರಿಗೆ ಮಸಿ ಬಳಿದವನಿಗೆ ಆ ಹೆಸರೇ ಮರೆತು ಹೋಗಿದೆ! ನನ್ನ ಮೈಯೆಲ್ಲ ಉರಿದು ಹೋಯಿತು. ಇವತ್ತು ಇವನನ್ನು ಬಿಡಬಾರದು ಎಂದು ಅಲ್ಲೇ ತೀರ್ಮಾನ ಮಾಡಿದೆ.

ಕೆಲಸದಲ್ಲಿ ಮಾತ್ರ ಏನೂ ಕಡಿಮೆ ಮಾಡಲಿಲ್ಲ. ಮನೆಯೊಳಗಿದ್ದವರನ್ನೆಲ್ಲ ಹೊರಗೆ ಕಳಿಸಿದೆ. ಜಗನ್ ಮರ ಹತ್ತಿ, ಕಾಂಡಕ್ಕೆ ಗೋಣಿಚೀಲ ಸುತ್ತಿ, ಅದರ ಮೇಲೆ ಸರಪಳಿ ಬಿಗಿದ. ಮನೆಯ ಹಿಂದೆ ಖಾಲಿ ಸೈಟು, ಅದರ ತುದಿಯಲ್ಲಿ ದಪ್ಪನೆಯ ಬೇವಿನಮರ. ಪುಲ್ಲಿಯನ್ನು ಬೇವಿಗೆ ಕಟ್ಟಿ, ಸರಪಳಿಯಿಂದ ಬಂದ ಹಗ್ಗವನ್ನು ಅದರಲ್ಲಿ ಹಾಯಿಸಿ, ಬೇವಿನ ಕಾಂಡಕ್ಕೇ ಒಂದು ಸುತ್ತು ಹಾಕಿ ತಂದರೆ, ಭಾರವೆಲ್ಲ ಬೇವಿನ ಮೇಲೆ ಬೀಳುತ್ತದೆ, ಹಿಡಿದವರ ಕೈಗೆ ಸ್ವಲ್ಪವೇ ಬರುತ್ತದೆ. ಹುಣಸೆಯ ಬುಡದಲ್ಲಿ ಗುಂಡಿ ತೋಡಿದೆವು. ಮನೆಯ ಕಡೆ ತೋಡುವಂತಿಲ್ಲ, ಪಾಯ ಇದೆ. ಹಾಗಾಗಿ ಮರ ಬೀಳುವ ಕಡೆಯಿಂದಲೇ ಒಳಗೆ ಹೋಗಿ ತಾಯಿಬೇರು ಕಡಿಯಬೇಕು. ಆಗ ಹಗ್ಗ ಎಳೆದರೆ ಮರ ಗುಂಡಿಯಲ್ಲಿರುವವನ ಮೇಲೆ, ಬಿಟ್ಟರೆ ಮನೆಯ ಮೇಲೆ. ಬೇರು ಕಡಿದು ಆತ ಮೇಲೆ ಬರುವ ತನಕ ಅದನ್ನು ಅಲ್ಲಾಡದಂತೆ ಹಿಡಿಯುವುದೇ ನಮ್ಮ ವಿದ್ಯೆ.

"ಐಸಾ" ಎಂದೆ. ಹಗ್ಗ ಬಿಗಿಯಿತು. ತಾರಸಿಗೆ ಒರಗಿದ್ದ ಕೊಂಬೆ ನಿಧಾನಕ್ಕೆ ಮೇಲೆದ್ದಿತು. ನೆಂಟರು ಚಪ್ಪಾಳೆ ತಟ್ಟಿದರು. ಮರ ಅರ್ಧ ಎದ್ದು ಮನೆಗೂ ಸೈಟಿಗೂ ನಡುವೆ ನಿಂತಾಗ "ನಿಲ್" ಎಂದೆ. ಜಗನ್ ಕೊಡಲಿ ಹಿಡಿದು ಗುಂಡಿಗೆ ಇಳಿದ. ಬೇರು ಕಡಿಯುವ ಸದ್ದು ಕೇಳತೊಡಗಿತು. ಅರ್ಧ ಕಡಿದ ಹೊತ್ತಿಗೆ ನಾನು ಅವನಿಗೆ ಕೈ ತೋರಿಸಿ ನಿಲ್ಲಿಸಿ, ಬಸವೇಶನ ಕಡೆ ತಿರುಗಿದೆ.

"ಯಾಕಮ್ಮ ನಿಂತೋಯ್ತು?" ಎಂದು ಅವನು ಬಂದ.

"ಒಂದ್ ಮಾತು ಬಾಕಿ ಅದೆ ಸಾ. ಸತ್ತೋನ್ ಎಸ್ರು ಕರಿಯಯ್ಯ. ನಾನು ಅವ್ನ್ ಎಂಡ್ತಿ. ಅವ್ನು ಕುಡ್ದಿರ್ಲಿಲ್ಲ ಅಂತ ಈ ನಿಮ್ ನೆಂಟ್ರ ಮುಂದೆ ಏಳಿ. ಏಳುದ್ರೆ ಮರ ಮಲುಗ್ತದೆ."

ಚಪ್ಪರದ ಕೆಳಗಿದ್ದವರೆಲ್ಲ ಇತ್ತ ತಿರುಗಿದರು. ಬಸವೇಶನ ಮುಖ ಕೆಂಪಾಯಿತು. "ಏನ್ ಬ್ಲ್ಯಾಕ್‌ಮೇಲಾ? ಕೆಲ್ಸ ಮುಗ್ಸಿ ನಡಿ. ಪೊಲೀಸ್ನೋರ್ನ ಕರುಸ್ಬೇಕಾ?"

"ಕರುಸಿ. ಬಂದು ಅಗ್ಗ ಇಡ್ಕತಾರೇನೋ ನೋಡವ" ಎಂದೆ. ನೆಂಟರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಅವನಿಗೆ ಚುಚ್ಚಿತು. ತನ್ನ ಹೊಸ ಮನೆಯ ಮುಂದೆ, ಮಾವನ ಮನೆಯವರ ಎದುರು, ಒಬ್ಬ ಕೂಲಿ ಹೆಂಗಸು ತನ್ನನ್ನು ನಿಲ್ಲಿಸಿ ಕೇಳುವುದೆಂದರೇನು? ನನ್ನನ್ನು ಬದಿಗೆ ನೂಕಿ, ಹಗ್ಗ ಹಿಡಿದವರ ಕಡೆ ಕೈ ಬೀಸಿ ಗಂಟಲು ಹರಿದು ಕೂಗಿದ: "ಏಯ್! ಈ ಹೆಂಗ್ಸಿನ್ ಮಾತೇನ್ ಕೇಳೀರ್ಲಾ! ಎಳೀರ್ಲಾ! ಐಸಾ! ಎಳೀರ್ಲಾ ಅಂದ್ರೆ!"

ಹಗ್ಗ ಜಗ್ಗಿತು. ಕಣ್ಣಾರೆ ನೋಡಿದೆ, ಎಲ್ಲರ ಹೆಗಲೂ ಒಟ್ಟಿಗೇ ಮುಂದಕ್ಕೆ ಬಾಗಿದವು. ಮರ ಕಿರ್ರೆಂದು ಒಂದು ಗೇಣು ಸೈಟಿನ ಕಡೆ ಬಂತು. ಗುಂಡಿಯ ಅಂಚು ಕುಸಿದು ಜಗನ್‌ನ ಮೇಲೆ ಮಣ್ಣು ಬಿತ್ತು. "ನಿಲ್! ನಿಲ್! ನಿಮ್ ವಂಸ ನಿರ್ವಂಸ್ವಾಗ, ನಿಲ್!" ಎಂದು ಚೀರಿದೆ. ನಿಂತರು.

ಜಗನ್ ತೆವಳಿಕೊಂಡು ಮೇಲೆ ಬಂದ. ಮುಖದ ತುಂಬ ಮಣ್ಣು. ನನ್ನ ಕಾಲ ಹತ್ತಿರ ಕುಕ್ಕರಿಸಿ, "ಅವತ್ತೂ ಇಂಗೇ ಆಯ್ತು ಅತ್ಗೆ" ಎಂದ.

"ಏನ್ಲಾ ಇಂಗೇ ಆಯ್ತು?"

"ಅಗ್ಗ ಜಾರ್ಲಿಲ್ಲ. ಅಣ್ಣ ಗುಂಡೀಲಿ ಇದ್ದ. ಈ ಯಜಮಾನ್ರು ಬಂದು ಕೂಗುದ್ರು. ನಾವು ಎಳುದ್ಬುಟ್ಟೊ."

ನಾನು ಹಗ್ಗದ ಕಡೆ ನೋಡಿದೆ. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ ಗೋವಿಂದಯ್ಯ ತಲೆ ತಗ್ಗಿಸಿಕೊಂಡು, "ಯಜಮಾನ್ರು ಕೂಗುದ್ ಏಟ್ಗೆ ಕೈ ತಾನೇ ಎಳುದ್ಬುಡ್ತು ಕನವ್ವ. ನಮ್ಮಪ್ಪನೂ ಇವ್ರ್ ಅಪ್ಪನ್ ತೋಟದಲ್ಲೇ ಜೀತಕ್ಕಿದ್ದ. ಆ ದನಿ ಕೇಳುದ್ರೆ ಮೈ ಬಗ್ಬುಡ್ತದೆ. ನೋಡುದ್ಯಲ್ಲ, ಈಗ್ಲೂ ಬಗ್ತು" ಎಂದ.

ಮೂರು ವರ್ಷ! ಮೂರು ವರ್ಷ ಇವರೆಲ್ಲ ನನ್ನ ಜಗಲಿಯಲ್ಲಿ ಕೂತು ನಾನು ತಿರುವಿದ ಮುದ್ದೆ ತಿಂದಿದ್ದಾರೆ. ನಾನು ಕರಿಯಯ್ಯನನ್ನು ನೆನೆದು ಅತ್ತಾಗ ಸುಮ್ಕಿರವ್ವ, ಅವನ ಆಯಸ್ಸೇ ಅಷ್ಟು ಎಂದು ಸಮಾಧಾನ ಮಾಡಿದ್ದಾರೆ. ಕುಡುಕ ಎಂದಾಗ ಯಾಕೆ ಯಾರೂ ಉಸಿರೆತ್ತಲಿಲ್ಲ ಎಂಬುದು ಈಗ ತಿಳಿಯಿತು. ಅವನು ಕುಡಿದಿರಲಿಲ್ಲ ಎಂದರೆ, ಮತ್ತೆ ಹೇಗೆ ಸತ್ತ ಎಂಬ ಪ್ರಶ್ನೆ ಬರುತ್ತಿತ್ತು. ಆ ಸುಳ್ಳು ಬಸವೇಶನಿಗೆ ಎಷ್ಟು ಬೇಕಿತ್ತೋ ಇವರಿಗೂ ಅಷ್ಟೇ ಬೇಕಿತ್ತು. ನನಗೆ ಅಳು ಬರಲಿಲ್ಲ. ಬಂದದ್ದು ಬರೀ ಸಿಟ್ಟು.

"ಜಗ, ಓಗಿ ಅಗ್ಗ ಇಡ್ಕೊ. ಮುಂದ್ಗಡೆ ನಿಂತ್ಕೊ" ಎಂದೆ. ಅವನು ಹೋಗಿ ಹಿಡಿದ. ಮರ ನೋಡಿಕೊಂಡು ಹಿಡಿಯಬೇಕು ಎಂದು ಎಲ್ಲರನ್ನೂ ಮರದ ಕಡೆಗೆ ಮುಖ ಮಾಡಿ ನಿಲ್ಲಿಸಿದೆ. ಆಮೇಲೆ ಬಸವೇಶನಿಗೆ ಹೇಳಿದೆ: "ತಾಯ್‌ಬೇರು ಇನ್ನೂ ಅರ್ಧ ಅದೆ. ನಮ್ಮೋರ್ ಯಾರೂ ಇನ್ ಗುಂಡಿಗ್ ಇಳ್ಯಲ್ಲ. ನೀವೇ ಇಳ್ದು ಕಡೀರಿ."

ಚಂಪಕ ಓಡಿ ಬಂದಳು. "ಇವ್ರಿಗೆ ಅದೆಲ್ಲಾ ಬರಲ್ಲ ಕಣಮ್ಮ!"

"ಕೂಗಕ್ ಬತ್ತದಲ್ಲವ್ವ" ಎಂದೆ. "ಇಳೀರಿ ಸಾ. ಇಲ್ದಿದ್ರೆ ಬುಡಿ ಅಂತೀನಿ. ಮನೆ ಮ್ಯಾಲೆ ಮಲೀಕತದೆ."

ಅವನು ಮನೆಯನ್ನು ನೋಡಿದ. ಹಿಂಬಾಗಿಲಿಗೂ ಅರಿಶಿನ ಬಳಿದಿದ್ದರು, ತಾರಸಿಯ ಮೇಲೆ ಸೀರಿಯಲ್ ಸೆಟ್ ದೀಪ ಇಳಿಬಿಟ್ಟಿದ್ದರು. ನಾನು ಕೂಗಲು ಬಾಯಿ ತೆರೆದೆ. "ಬ್ಯಾಡ! ಬ್ಯಾಡ ತಾಯಿ!" ಎನ್ನುತ್ತಾ ಬಿಳಿ ಅಂಗಿಯಲ್ಲೇ ಗುಂಡಿಗೆ ಜಾರಿದ. ಕೊಡಲಿ ಎತ್ತಿ ಎರಡು ಏಟು ಹಾಕಿದ, ಮೂರನೆಯದಕ್ಕೆ ಮರ ಸಣ್ಣಗೆ ನರಳಿತು. ತಲೆ ಎತ್ತಿ ನೋಡಿದ. ಅಷ್ಟು ದಪ್ಪ ಕಾಂಡ ನೆತ್ತಿಯ ಮೇಲೇ ಇತ್ತು. ಕೊಡಲಿ ಕೈಯಿಂದ ಬಿತ್ತು.

"ಅಲ್ಲಾಡ್ಬೇಡಿ" ಎಂದೆ. "ನೀವ್ ಎದ್ದು ಒದ್ದಾಡುದ್ರೆ ಬುಡ ಕದಲ್ತದೆ. ಈಗ ಆ ಮಾತ್ ಏಳಿ."

ಹೇಳಿದ. ನೆಂಟರಿಗೆಲ್ಲ ಕೇಳುವಂತೆ, ಮಗುವಿನ ಹಾಗೆ ಬಿಕ್ಕುತ್ತಾ ಹೇಳಿದ. "ಕುಡ್ದಿರ್ಲಿಲ್ಲ. ಕರಿಯಯ್ಯ ಕುಡ್ದಿರ್ಲಿಲ್ಲ. ನಾನೇ ಕೂಗಿದ್ದು. ಮರ ಕೀಳಕ್ಕೆ ಅಂತ ಕರೆಂಟ್ ತೆಗ್ಸಿದ್ದೆ, ಲೈನ್‌ಮನ್ ವಾಪಸ್ ಕೊಡ್ತೀನಿ ಅಂತ ಫೋನ್ ಮೇಲ್ ಫೋನ್ ಮಾಡ್ತಿದ್ದ, ಅವಸ್ರಕ್ ಕೂಗ್ಬುಟ್ಟೆ. ಕುಡ್ದಿದ್ದ ಅಂದಿದ್ದು ಸುಳ್ಳು ಕಣಮ್ಮ, ಪೂರಾ ಸುಳ್ಳು!" ಚಂಪಕ ಬಾಯಿಗೆ ಸೆರಗು ಒತ್ತಿಕೊಂಡಳು. ಒಬ್ಬ ನೆಂಟ ಇದನ್ನೆಲ್ಲ ಫೋನಿನಲ್ಲಿ ಹಿಡಿಯುತ್ತಿದ್ದ. ಹಿಡಿಯಲಿ, ತಗಡೂರಿಗೂ ಕಳಿಸಲಿ, ಪಾಪಮ್ಮನೂ ನೋಡಲಿ ಎಂದುಕೊಂಡೆ.

ನಾನು ಕೇಳಿದ್ದು ಸಿಕ್ಕಿತು. ಅವನನ್ನು ಮೇಲೆ ಕರೆದು, ಉಳಿದ ಬೇರನ್ನು ನಾನೇ ಇಳಿದು ಕಡಿದು, ಮರ ಮಲಗಿಸಿ ಹೋಗೋಣ ಎಂದು ಒಂದು ಹೆಜ್ಜೆ ಮುಂದಿಟ್ಟೆ, ದೇವರಾಣೆ. ಆದರೆ ಹೆದರಿದವನ ನಾಲಗೆ ನಿಲ್ಲಲಿಲ್ಲ.

"ಅವ್ನು ಒಳಗಿಂದ ಕೂಗ್ದ ತಾಯಿ" ಎಂದ. "'ಎಳೀಬೇಡ್ರಪ್ಪೋ, ನಾನಿನ್ನೂ ಇಲ್ಲೇ ಇವ್ನಿ' ಅಂತ ಕೂಗ್ದ. ನಂಗೆ ಕೇಳುಸ್ತು. ಎದ್ ಬತ್ತಾನೆ ಬುಡು ಅಂದ್ಕೊಂಡು ಇನ್ನೊಂದ್ ಸಲ ಐಸಾ ಅಂದೆ."

ಹಗ್ಗ ಜಾರಿ ಸತ್ತ, ಏನೂ ತಿಳಿಯದೆ ಹೋದ ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ಕರಿಯಯ್ಯನಿಗೆ ತಿಳಿದಿತ್ತು. ಕೂಗಿ ಬೇಡಿಕೊಂಡಿದ್ದ.

ನಾನು ಹಗ್ಗ ಹಿಡಿದವರ ಕಡೆ ತಿರುಗಿದೆ. "ನಿಮ್ಗೂ ಕೇಳುಸ್ತಾ?"

ಗೋವಿಂದಯ್ಯ ಕಣ್ಣು ಮುಚ್ಚಿಕೊಂಡ. ಎಲ್ಲರ ಮುಂದೆ ನಿಂತಿದ್ದ ಜಗನ್, ಸ್ವಂತ ತಮ್ಮ, ಅಣ್ಣನ ಎದೆಯ ಮೇಲೆ ಆಡಿ ಬೆಳೆದವನು, "ಕೇಳುಸ್ತು ಅತ್ಗೆ" ಎಂದ.

ನಾನು ನಡೆದುಕೊಂಡು ಹೋಗಿ ಮನೆಯ ಹಿಂಬಾಗಿಲ ಮೆಟ್ಟಿಲ ಹತ್ತಿರ ನಿಂತು, "ಒಂದ್ ಚೊಂಬು ನೀರ್ ಕೊಡವ್ವ" ಎಂದು ಚಂಪಕಳನ್ನು ಕೇಳಿದೆ. ಅವಳು ತಂದುಕೊಟ್ಟಳು. ಮೆಟ್ಟಿಲ ಮೇಲೆ ಕೂತೆ. ಹಗ್ಗ ಬಿಟ್ಟರೆ ಮರ ನನ್ನ ಮೇಲೇ ಬರುತ್ತದೆ, ಬಂದರೂ ಬರಲಿ ಎನಿಸಿತು. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಹಗ್ಗ ಎಳೆಯುವಂತಿಲ್ಲ, ಬಿಡುವಂತಿಲ್ಲ. ಬೇವಿಗೆ ಕಟ್ಟಿಹಾಕಬೇಕೆಂದರೂ ಮೊದಲು ಒಂದು ಗೇಣು ಸಡಿಲ ಕೊಡಬೇಕು, ಅಷ್ಟಕ್ಕೇ ಮರ ಮನೆಯ ಕಡೆ ವಾಲುತ್ತದೆ. ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಕೂಗಿ ಹೇಳುವವಳು ನಾನೊಬ್ಬಳೇ. ಬಿಸಿಲು ಏರಿತ್ತು. ಅವರು ಹಿಮ್ಮಡಿ ಊರಿ ಹಗ್ಗಕ್ಕೆ ಜೋತುಬಿದ್ದಿದ್ದರು.

"ಅತ್ಗೆ, ಕೂಗು" ಎಂದ ಜಗನ್. "ಕೈ ಸೋಲ್ತಾ ಅದೆ."

"ಮರಿತಾಯವ್ವ, ದಮ್ಮಯ್ಯ" ಎಂದ ಗೋವಿಂದಯ್ಯ.

ಗುಂಡಿಯೊಳಗಿನಿಂದ ಬಸವೇಶ ಅರಚಿದ: "ಎಳೀಬೇಡ್ರಪ್ಪೋ! ನಾನಿನ್ನೂ ಇಲ್ಲೇ ಇವ್ನಿ!"

ಕೇಳಿಸಿತು. ಅವತ್ತು ಅವರಿಗೆಲ್ಲ ಎಷ್ಟು ಚೆನ್ನಾಗಿ ಕೇಳಿಸಿತ್ತೋ ಅಷ್ಟೇ ಚೆನ್ನಾಗಿ ಕೇಳಿಸಿತು. ನಾನು ಚೊಂಬು ಎತ್ತಿಕೊಂಡು ನಿಧಾನವಾಗಿ ನೀರು ಕುಡಿದೆ.